ಬೆಂಗಳೂರಿಗೆ ರೈಲು, ಬೀದಿ ತುದಿಗೆ ಸ್ಕೂಟರು

ಮೈಸೂರಿನವರ ದೂರದ ಲೆಕ್ಕ ಯಾವ ಅಳತೆಪಟ್ಟಿಗೂ ಸಿಗುವುದಿಲ್ಲ. ಬೆಂಗಳೂರು 138 ಕಿಲೋಮೀಟರ್, ಅದು ‘ಇಲ್ಲೇ’. ಹಾಲಿನ ಬೂತು ಬೀದಿಯ ತುದಿಯಲ್ಲಿದೆ. ಅದಕ್ಕೆ ಸ್ಕೂಟರ್ ತೆಗೆಯಬೇಕು. “ನಾಳೆ ಒಂಚೂರು ಬೆಂಗಳೂರಿಗೆ ಹೋಗ್ಬಿಟ್ಟು ಬರ್ತೀನಿ” ಅಂತ ನಮ್ಮೂರಿನವರು ಹೇಳುವ ಧಾಟಿ ಕೇಳಬೇಕು. ಹಿತ್ತಲಿಗೆ ಹೋಗಿ ಎರಡು ಎಸಳು ಕರಿಬೇವು ಕಿತ್ತುಕೊಂಡು ಬರುವವರ ಧಾಟಿ. ಅದೇ ಮನುಷ್ಯರನ್ನು “ನಂಜನಗೂಡಿಗೆ ರೈಲಲ್ಲಿ ಹೋಗೋಣ ಬನ್ನಿ” ಅಂತ ಕರೆದು ನೋಡಿ. ಹುಬ್ಬು ಹಣೆಗೆ ಏರುತ್ತದೆ. “ನಂಜನಗೂಡಿಗೆ ರೈಲಿದೆಯೇನ್ರೀ?”

ಇದೆ ಸ್ವಾಮಿ. 1891ರಿಂದ ಇದೆ. ಕಪಿಲಾ ನದಿಗೆ ಕಟ್ಟಿದ ದಳವಾಯಿ ಸೇತುವೆಯಂತೂ 1735ರದ್ದು. ಜಗತ್ತಿನಲ್ಲಿ ಪ್ರಯಾಣಿಕರ ರೈಲು ಎಂಬ ಪದಾರ್ಥ ಹುಟ್ಟುವುದಕ್ಕೆ ತೊಂಬತ್ತು ವರ್ಷ ಮುಂಚೆಯೇ ನಮ್ಮವರು ಸೇತುವೆ ಕಟ್ಟಿ ಕಾದು ಕೂತಿದ್ದರು. ಆಮೇಲೆ ರೈಲು ಬಂದು ಅದರ ಮೇಲೆಯೇ ಓಡಿತು. ಪಕ್ಕದಲ್ಲಿ ಬಸ್ಸು, ಎತ್ತಿನ ಗಾಡಿ, ಜಾತ್ರೆಯ ಜನ, ಎಲ್ಲ ಒಂದೇ ಸೇತುವೆ. ಈ ಶತಮಾನದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಾಗ ರೈಲು ಹೊಸ ಸೇತುವೆಗೆ ವರ್ಗವಾಯಿತು. ರೈಲು ಹುಟ್ಟುವ ಮೊದಲೇ ಸೇತುವೆ ಕಟ್ಟಿಟ್ಟ ಜನಕ್ಕೆ, ರೈಲು ಬಂದು ನೂರಮೂವತ್ತು ವರ್ಷವಾದರೂ ಅದರ ವೇಳಾಪಟ್ಟಿ ಬಾಯಿಗೆ ಬರುವುದಿಲ್ಲ.

ಬೆಂಗಳೂರು ಗಾಡಿಗಳ ವಿಷಯ ಹಾಗಲ್ಲ. ಅದು ನಿದ್ದೆಗಣ್ಣಲ್ಲೂ ಬರುತ್ತದೆ. ಬೆಳಿಗ್ಗೆ ಏಳರ ಆಸುಪಾಸಿಗೆ ಮೈಸೂರು ನಿಲ್ದಾಣಕ್ಕೆ ಹೋಗಿ ಚಾಮುಂಡಿ ಎಕ್ಸ್‌ಪ್ರೆಸ್ ಹೊರಡುವುದನ್ನು ನೋಡಿ. ಪಾಸಿನವರು ಅಂತ ಒಂದು ಜನಾಂಗವೇ ಇದೆ. ರೈಲ್ವೆಯವರು ಮಂತ್ಲಿ ಪಾಸ್ ಕೊಡುವುದು 150 ಕಿಲೋಮೀಟರ್ ಒಳಗಿನ ಊರಿಗೆ ಮಾತ್ರ. ಬೆಂಗಳೂರನ್ನು 138ರಲ್ಲಿ ಇಟ್ಟದ್ದು ಚಾಮುಂಡೇಶ್ವರಿಯ ಕೃಪೆ ಅಂತ ಈ ಜನಾಂಗದ ಗಾಢ ನಂಬಿಕೆ. ಇವರಿಗೆ ರಿಸರ್ವೇಶನ್ ಬೇಕಿಲ್ಲ, ಆದರೆ ಪ್ರತಿಯೊಬ್ಬರಿಗೂ ಒಂದು ಸೀಟಿದೆ. ಬರೆದಿಟ್ಟಿಲ್ಲ, ಆದರೂ ಇದೆ. ತಿಳಿಯದೆ ಯಾರಾದರೂ ಕಿಟಕಿ ಪಕ್ಕ ಕೂತರೆ ಯಾರೂ ಏಳಿ ಅನ್ನುವುದಿಲ್ಲ. ಎದುರಿಗೆ ನಿಂತು, ಬ್ಯಾಗನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿಕೊಂಡು, “ನೀವು ಎಲ್ಲಿಗೆ ಸಾರ್, ಮಂಡ್ಯಕ್ಕಾ?” ಅಂತ ಬಲು ಮೃದುವಾಗಿ ಕೇಳುತ್ತಾರೆ. ಬೆಂಗಳೂರಿಗೆ ಅಂದರೆ ಮುಖದಲ್ಲಿ ಒಂದು ನಿರಾಸೆ. ಆ ನಿರಾಸೆಯನ್ನು ತಡೆದುಕೊಂಡು ಮದ್ದೂರಿನವರೆಗೆ ಕೂತವನನ್ನು ನಾನು ಕಂಡಿಲ್ಲ. ಪಾಂಡವಪುರದ ಹೊತ್ತಿಗೆ ಸೂಟ್‌ಕೇಸಿನ ಮೇಲೆ ಇಸ್ಪೀಟು ಬಿಚ್ಚಿರುತ್ತದೆ. ಮಂಡ್ಯದಲ್ಲಿ ನುಗ್ಗುವ ಜನಕ್ಕೆ ಎಲೆ ಹಾಕುವವನ ಮೊಣಕೈ ತಗುಲಿ ಜೋಕರ್ ಕೆಳಗೆ ಬಿದ್ದು ಗಲಾಟೆ. ಮದ್ದೂರಿನಲ್ಲಿ ವಡೆ, ಗಲಾಟೆ ಇತ್ಯರ್ಥ.

ಹೀಗೆ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ ಸವೆಸುವ ಮನುಷ್ಯ ರಾತ್ರಿ ಮೈಸೂರಲ್ಲಿ ಇಳಿದು, ಯಾದವಗಿರಿಯ ಮನೆಗೆ ಹೋಗಲು ಆಟೋದವನ ಜತೆ ಹತ್ತು ರೂಪಾಯಿಗೆ ಕಾಲು ಗಂಟೆ ವಾದ ಮಾಡುತ್ತಾನೆ. ನಿಲ್ದಾಣದಿಂದ ಯಾದವಗಿರಿ ಎಷ್ಟು ದೂರ? ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತು ಜೋರಾಗಿ ಕೂಗಿದರೆ ಮನೆಯವರು ಅಕ್ಕಿ ತೊಳೆದಿಡಬಹುದು.

ಈ ಬೆಂಗಳೂರು ಹಳಿಗಾಗಿ ನಾವು ಪಟ್ಟ ಪಾಡೂ ಸಣ್ಣದಲ್ಲ. ಜೋಡಿ ಹಳಿ ಹಾಕುತ್ತ ಬಂದು ಬಂದು ಶ್ರೀರಂಗಪಟ್ಟಣದಲ್ಲಿ ಕೆಲಸ ನಿಂತಿತು. ಅಡ್ಡ ಇದ್ದದ್ದು ಟಿಪ್ಪು ಕಾಲದ ಮದ್ದಿನ ಮನೆ. ಸಂರಕ್ಷಿತ ಸ್ಮಾರಕ, ಒಡೆಯುವ ಹಾಗಿಲ್ಲ. ಹಳಿಯನ್ನು ಬಳಸಿ ಹಾಕಲು ಜಾಗವಿಲ್ಲ. ಕಡೆಗೆ 2017ರಲ್ಲಿ ಕಟ್ಟಡವನ್ನೇ ಎತ್ತಿ ಆಚೆ ಇಡೋಣ ಅಂತಾಯಿತು. ಮನೆ ಸಾಗಿಸುವುದನ್ನೇ ಕಸುಬು ಮಾಡಿಕೊಂಡ ಅಮೆರಿಕದ ಕಂಪನಿಯೊಂದು ಬಂತು. ಸುಮಾರು ಸಾವಿರ ಟನ್ ತೂಕದ ಇಟ್ಟಿಗೆ ಗಾರೆ ಕಟ್ಟಡದ ಬುಡಕ್ಕೆ ಉಕ್ಕಿನ ತೊಲೆ ಕೊಟ್ಟು, ಜಾಕ್ ಹಾಕಿ ಮೇಲೆತ್ತಿ, ಅಂಗುಲ ಅಂಗುಲವಾಗಿ ನೂರಕ್ಕೂ ಹೆಚ್ಚು ಮೀಟರ್ ಜರುಗಿಸಿ ಹೊಸ ತಳಪಾಯದ ಮೇಲೆ ಕೂರಿಸಿದರು. ಒಂದು ಇಟ್ಟಿಗೆ ಅಲುಗಲಿಲ್ಲ ಅಂತ ಊರೆಲ್ಲ ಕೊಂಡಾಡಿತು. ನಾನೂ ಕೊಂಡಾಡಿದೆ. ಆದರೆ ಅಷ್ಟು ಭಾರದ ಚರಿತ್ರೆಯನ್ನು ಸರಿಸಿದ ನಾಡಿನಲ್ಲಿ, ಸೈಕಲ್ ಹೋಗಬೇಕಾದ ರಸ್ತೆಯಂಚಿನಲ್ಲಿ ನಿಲ್ಲಿಸಿದ ಒಂದೇ ಒಂದು ಕಾರನ್ನು ಸರಿಸಿ ಎಂದರೆ, “ಐದೇ ನಿಮಿಷ ಸಾರ್, ಔಷಧಿ ತಗೊಂಡು ಬರ್ತೀನಿ” ಎಂಬ ಉತ್ತರ. ಅದಕ್ಕೆ ಜಾಕ್ ಕೊಡುವ ಕಂಪನಿ ಅಮೆರಿಕದಲ್ಲೂ ಇದ್ದಂತಿಲ್ಲ.

ಬೆಂಗಳೂರಿನ ಕಡೆಯ ಹಳಿ ಬಿಡಿ. ಮೈಸೂರಿನಿಂದ ಹಳಿ ಮೂರು ದಿಕ್ಕಿಗೆ ಕೈ ಚಾಚಿದೆ. ಒಂದು ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಮಂಡ್ಯಕ್ಕೆ. ಇನ್ನೊಂದು ಬೆಳಗೊಳದ ಮೇಲೆ ಕೆ.ಆರ್. ನಗರದ ದಾರಿಯಲ್ಲಿ ಅರಸೀಕೆರೆಗೆ. ಮೇಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳು, ಸಾಫ್ಟ್‌ವೇರ್ ಕ್ಯಾಂಪಸ್ಸು ಎಲ್ಲ ಅದೇ ದಿಕ್ಕಿಗೆ. ಮೂರನೆಯದು ಊರೊಳಗೇ ನುಸುಳಿಕೊಂಡು ಚಾಮರಾಜಪುರಂ, ಅಶೋಕಪುರಂ, ಕಡಕೊಳ, ತಾಂಡವಪುರ, ನಂಜನಗೂಡು, ಚಾಮರಾಜನಗರ. ಹೊಸ ಹಳಿಗೆ ಜಮೀನು ಹುಡುಕಬೇಕಿಲ್ಲ, ಸುರಂಗ ಕೊರೆಯಬೇಕಿಲ್ಲ. ಮೆಟ್ರೋ ಬೇಕು ಅಂತ ಅರ್ಜಿ ಹಿಡಿದು ಓಡಾಡುವ ಊರುಗಳು ಇಂಥ ಮೂರು ಹಳಿಗೆ ಆಸ್ತಿ ಬರೆದು ಕೊಟ್ಟಾವು.

ಚಾಮರಾಜಪುರಂ ನಿಲ್ದಾಣವನ್ನು ನೀವು ನೋಡಬೇಕು. ಅಗ್ರಹಾರ, ಕಾಲೇಜು, ಕೋರ್ಟು ಎಲ್ಲಕ್ಕೂ ಹತ್ತಿರ. ಚಿಕ್ಕ ಕಟ್ಟಡ, ಚಿಕ್ಕ ಪ್ಲಾಟ್‌ಫಾರ್ಮು. ಬೆಳಿಗ್ಗೆ ಅಲ್ಲಿ ರೈಲಿಗೆ ಕಾಯುವವರಿಗಿಂತ ವಾಕಿಂಗ್ ಮುಗಿಸಿ ಬೆಂಚಿಗೆ ಬಂದು ಕೂತವರೇ ಜಾಸ್ತಿ. ಆ ಬೆಂಚಿನ ಸಭೆಗೆ ನಮ್ಮ ಎದುರುಮನೆ ರಾಯರು ಖಾಯಂ ಅಧ್ಯಕ್ಷರು. ನಿವೃತ್ತಿಯಾದ ಮೇಲೆ ರೈಲು ಹತ್ತಿದವರಲ್ಲ, ಆದರೆ ರೈಲ್ವೆ ಮಂತ್ರಿಗೆ ಏನೇನು ತಿಳಿಯದು ಎಂಬ ಪಟ್ಟಿ ಅವರಲ್ಲಿ ಸದಾ ಸಿದ್ಧ. “ನೋಡಿ, ಮೆಮು ಬಿಡಬೇಕು ಮೆಮು” ಅಂತ ಒಂದು ದಿನ ಶುರು ಮಾಡಿದರು. “ಎರಡೂ ತುದೀಲಿ ಡ್ರೈವರ್ ಕ್ಯಾಬಿನ್ ಇರುತ್ತೆ. ನಂಜನಗೂಡಿಗೆ ಹೋಯ್ತು, ಡ್ರೈವರ್ ಇಳಿದ, ಆ ಕಡೆ ಹೋಗಿ ಕೂತ, ಗಾಡಿ ವಾಪಸ್. ಎಂಜಿನ್ ಬಿಚ್ಚಿ, ಸುತ್ತಾಕಿ, ಇನ್ನೊಂದು ತುದಿಗೆ ಕಟ್ಟೋ ರಾಮಾಯಣ ಇಲ್ಲ.”

ರಾಯರು ಹೇಳಿದ್ದರಲ್ಲಿ ಸತ್ಯಾಂಶ ಇರುವುದು ಅಪರೂಪ. ಇದು ಆ ಅಪರೂಪದಲ್ಲೊಂದು. ತಂತಿ ಎಳೆದಾಗಿದೆ, ಕರೆಂಟು ಬಂದಿದೆ. ತೊಡಕಿರುವುದು ಬೇರೆ ಕಡೆ. ಆ ಮಾರ್ಗ ಇನ್ನೂ ಒಂಟಿ ಹಳಿ. ಒಂದು ಗಾಡಿ ಹೋಗುತ್ತಿದ್ದರೆ ಎದುರಿನದು ಯಾವುದಾದರೂ ನಿಲ್ದಾಣದಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಮೇಲಾಗಿ ಮೈಸೂರು ನಿಲ್ದಾಣ ಆಗಲೇ ತುಂಬಿ ತುಳುಕುತ್ತಿದೆ. ಹೊಸದೊಂದು ದೂರದ ರೈಲು ಬಂದಾಗಲೆಲ್ಲ ಬಾವುಟ, ಹಾರ, ಭಾಷಣ. ದೂರದ ರೈಲು ರಾತ್ರಿಯೆಲ್ಲ ಓಡಿ ಬಂದು, ಇಲ್ಲಿ ಸ್ನಾನ ಮುಗಿಸಿ, ಸಂಜೆಯವರೆಗೆ ಜಾಗ ಹಿಡಿದು ಮಲಗುತ್ತದೆ. ಆ ಒತ್ತಡ ತಾಳಲಾರದೆ ಬೆಂಗಳೂರಿನ ಕೆಲವು ಗಾಡಿಗಳನ್ನು ಅಶೋಕಪುರಂವರೆಗೆ ಮುಂದೂಡಿದರು. ಅದರಿಂದ ಊರಿನ ಆ ಭಾಗದವರಿಗೆ ಅನುಕೂಲವಾಯಿತು ನಿಜ. ಆದರೆ ಗಮನಿಸಿ: ಊರೊಳಗಿನ ಎರಡು ನಿಲ್ದಾಣ ಜೀವ ತಳೆದದ್ದೂ ಬೆಂಗಳೂರಿನ ಋಣದಿಂದಲೇ! ಚೆನ್ನೈಗೆ ವಂದೇ ಭಾರತ್ 2022ರಲ್ಲಿ ಬಂದಾಗ ರೈಲು ನೋಡಲೆಂದೇ ಜನ ಸೇರಿದ್ದರು. ಕಡಕೊಳಕ್ಕೆ ಗಂಟೆಗೊಂದು ಪ್ಯಾಸೆಂಜರ್ ಬಿಟ್ಟರೆ ಬಾವುಟ ಬೀಸಲು ಯಾರು ಬರುತ್ತಾರೆ? ಸ್ಟೇಷನ್ ಮಾಸ್ಟರ್ ಬರುತ್ತಾರೆ, ಅದೂ ಸಂಬಳಕ್ಕೆ.

ಕಡಕೊಳದ ವಿಷಯ ಬಂತಲ್ಲ, ನನ್ನ ನಾದಿನಿ ಕೆಲಸ ಮಾಡುವುದು ಆ ಕಡೆಯ ಒಂದು ಫ್ಯಾಕ್ಟರಿಯ ಲೆಕ್ಕಪತ್ರ ವಿಭಾಗದಲ್ಲಿ. ಕಡಕೊಳದ ಪಕ್ಕದಲ್ಲೇ ಟಿವಿಎಸ್‌ನವರ ಕಾರ್ಖಾನೆಯೂ ಇದೆ. ರೈಲು ನಿಲ್ದಾಣದ ನೆರೆಯಲ್ಲೇ ದ್ವಿಚಕ್ರ ವಾಹನಗಳು ಸಾಲುಸಾಲಾಗಿ ಹುಟ್ಟುತ್ತವೆ ಎಂಬುದರಲ್ಲಿ ವಿಧಿಯ ಕೈವಾಡ ಏನೋ ಇದೆ. ಅವಳ ಶಿಫ್ಟಿಗೂ ರೈಲಿನ ವೇಳೆಗೂ ಜಾತಕ ಕೂಡುವುದಿಲ್ಲ. ಹಾಗಾಗಿ ಬಸ್ಸು. 2023ರಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ; ಹತ್ತಲು ಮಾತ್ರ ನಿಜವಾದ ಶಕ್ತಿ ಬೇಕು. “ನಿಂತ್ಕೊಂಡೇ ಹೋಗ್ತೀನಿ ಭಾವ, ಆದ್ರೆ ಕಾಲು ಇಟ್ಟಿರೋದು ನನ್ನದಾ ಪಕ್ಕದೋರದ್ದಾ ಗೊತ್ತಾಗಲ್ಲ” ಅನ್ನುತ್ತಾಳೆ.

ಅವಳಿಗೆ ಸೈಕಲ್ ಯೋಜನೆಯ ಬಗ್ಗೆ ನಾನೇ ಉಪದೇಶ ಮಾಡಿದ್ದು. ಮೈಸೂರಿನ ‘ಟ್ರಿಣ್ ಟ್ರಿಣ್’ ದೇಶದಲ್ಲೇ ಮೊದಲಿಗೆ ಬಂದ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆಗಳಲ್ಲೊಂದು. 2017ರ ಜೂನ್ 4ರಂದು, ಪರಿಸರ ದಿನದ ಹಿಂದಿನ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಬಂದು ಉದ್ಘಾಟಿಸಿದರು. ಆಗ 450 ಸೈಕಲ್, 48 ನಿಲ್ದಾಣ. ಕಾರ್ಡು ತೋರಿಸಿದರೆ ಸೈಕಲ್ಲು ಗೂಟ ಬಿಟ್ಟು ಕೈಗೆ ಬರುತ್ತಿತ್ತು; ತುಳಿದುಕೊಂಡು ಹೋಗಿ ಮತ್ತೊಂದು ನಿಲ್ದಾಣದ ಗೂಟಕ್ಕೆ ಸಿಕ್ಕಿಸಿದರೆ ಲೆಕ್ಕ ಚುಕ್ತಾ. ಎಷ್ಟೋ ದೊಡ್ಡ ಊರುಗಳಿಗಿಂತ ಮೊದಲು ನಮಗೆ ಬಂತು ಎಂಬ ಖುಷಿಯಲ್ಲಿ ಸೈಕಲ್ ತುಳಿಯಲು ಬಾರದವರೂ ವಾರಗಟ್ಟಲೆ ಎದೆಯುಬ್ಬಿಸಿ ಓಡಾಡಿದರು.

ಎದೆ ಇಳಿದ ಮೇಲೆ ಲೆಕ್ಕ ಹಾಕೋಣ. ಇಂಥ ಯೋಜನೆ ನಡೆಯಬೇಕಾದರೆ ಸರಿಸುಮಾರು ಮುನ್ನೂರು ಮೀಟರಿಗೊಂದು ನಿಲ್ದಾಣ ಇರಬೇಕು, ಚದರ ಕಿಲೋಮೀಟರಿಗೆ ಹತ್ತಾದರೂ ಬೇಕು ಅನ್ನುತ್ತಾರೆ ಈ ಶಾಸ್ತ್ರ ಬಲ್ಲವರು. ಮೈಸೂರು ಹರಡಿಕೊಂಡಿರುವುದು ನೂರು ಚದರ ಕಿಲೋಮೀಟರಿಗೂ ಮೀರಿ. ಆಗಿನ ನಲವತ್ತೆಂಟನ್ನು ಅದಕ್ಕೆ ಹಂಚಿದರೆ ಎರಡು ಚದರ ಕಿಲೋಮೀಟರಿಗೆ ಒಂದು. ಅರಮನೆ, ಮೃಗಾಲಯ ನೋಡಲು ಬಂದವರಿಗೆ ಸರಿ. ಕುವೆಂಪುನಗರದ ಮೂರನೆಯ ತಿರುವಿನಲ್ಲಿರುವವನು ಬೆಳಿಗ್ಗೆ ಆಫೀಸಿಗೆ ಬಾಡಿಗೆ ಸೈಕಲ್ಲಲ್ಲಿ ಹೋಗಬೇಕಾದರೆ, ಸೈಕಲ್ ನಿಲ್ದಾಣದವರೆಗೆ ಸ್ಕೂಟರಲ್ಲಿ ಹೋಗಬೇಕು. ಹೋದವನು ಆ ಸ್ಕೂಟರನ್ನು ಎಲ್ಲಿ ನಿಲ್ಲಿಸುತ್ತಾನೆ? ಸೈಕಲ್ ನಿಲ್ದಾಣದ ಮುಂದೆ!

ಏರು ಇಳಿಜಾರಿನ ಗೋಳು ಬೇರೆ. ಪ್ಯಾರಿಸ್ಸಿನಲ್ಲಿ 2007ರಲ್ಲಿ ವೆಲಿಬ್ ಅಂತ ಸಾವಿರಾರು ಸೈಕಲ್ ಬಿಟ್ಟರಲ್ಲ, ಅಲ್ಲಿ ಜನ ಮಾಡಿದ್ದೇನು ಗೊತ್ತೇ? ದಿಣ್ಣೆಯ ಮೇಲಿನ ನಿಲ್ದಾಣದಿಂದ ಸೈಕಲ್ ತೆಗೆದುಕೊಂಡು ಸುಂಯ್ಯನೆ ಕೆಳಗಿಳಿಯುವುದು, ಮೇಲೆ ಹೋಗುವಾಗ ಮೆಟ್ರೋ ಹತ್ತುವುದು. ಕೆಳಗಿನ ನಿಲ್ದಾಣ ತುಂಬಿ ತುಳುಕಾಟ, ಮೇಲಿನದು ಬಣಬಣ. ಲಾರಿಯಲ್ಲಿ ಹೇರಿ ಹೇರಿ ಸಾಕಾಗಿ, ದಿಣ್ಣೆಯ ಮೇಲೆ ಸೈಕಲ್ ಬಿಟ್ಟವರಿಗೆ ಹದಿನೈದು ನಿಮಿಷ ಪುಕ್ಕಟೆ ಸವಾರಿಯ ಬಹುಮಾನ ಇಟ್ಟರು. ನಮ್ಮ ಚಾಮುಂಡಿ ಬೆಟ್ಟದ ಮೇಲೊಂದು ನಿಲ್ದಾಣ ಮಾಡಿದರೆ ಎಷ್ಟು ನಿಮಿಷ ಬಹುಮಾನ ಕೊಡಬೇಕಾದೀತು ಅಂತ ರಾಯರನ್ನು ಕೇಳಿದೆ. “ನಿಮಿಷ ಸಾಲದು, ಸೈಟೇ ಕೊಡಬೇಕು” ಅಂದರು.

ಆಮ್‌ಸ್ಟರ್‌ಡ್ಯಾಮಿನ ಕಥೆ ಇನ್ನೂ ಸೊಗಸು. 1965ರಲ್ಲಿ ಅಲ್ಲಿನ ಕೆಲವು ಹುಡುಗರು ಸೈಕಲ್‌ಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ ಬೀದಿಯಲ್ಲಿ ನಿಲ್ಲಿಸಿದರು: ಯಾರು ಬೇಕಾದರೂ ತುಳಿಯಿರಿ, ಆಮೇಲೆ ಅಲ್ಲೇ ಬಿಡಿ. ಪೊಲೀಸರು ಬಂದು ಸೈಕಲ್‌ಗಳನ್ನೇ ಎತ್ತಿಕೊಂಡು ಹೋದರು. ಕಾರಣ, ಬೀಗ ಹಾಕದೆ ಸೈಕಲ್ ನಿಲ್ಲಿಸುವುದು ಕಾನೂನುಬಾಹಿರ. ಸರ್ಕಾರಿ ತರ್ಕ ಎಂಬುದು ಯಾವ ದೇಶದ ಸ್ವತ್ತೂ ಅಲ್ಲ.

ಮೈಸೂರಿನಲ್ಲಿ ಸೈಕಲ್‌ಗೆ ಇರುವ ನಿಜವಾದ ಅಡ್ಡಿ ದಿಣ್ಣೆಯೂ ಅಲ್ಲ, ಪೊಲೀಸರೂ ಅಲ್ಲ, ಮರ್ಯಾದೆ. ಎಷ್ಟೆಂದರೂ ಇದು ಜಾವಾ ಹುಟ್ಟಿಸಿದ ಊರು. 1961ರಲ್ಲಿ ಯಾದವಗಿರಿಯಲ್ಲಿ, ರೈಲು ಹಳಿಯಿಂದ ಅಷ್ಟು ದೂರವೇನೂ ಅಲ್ಲ, ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ತೆರೆದು 1996ರವರೆಗೆ ಮೋಟಾರ್‌ಸೈಕಲ್ ಮಾಡಿತು. ಇಂದಿಗೂ ಇಲ್ಲಿನ ಹಳಬರು ಗೇಟಿನ ಶಬ್ದ ಕೇಳಿದರೆ ತಿರುಗುವುದಿಲ್ಲ, ಅದೇ ಕಾರ್ಖಾನೆಯ ಯೆಜ್ಡಿಯ ಶಬ್ದ ಕೇಳಿದರೆ ತಿರುಗುತ್ತಾರೆ. ಅಂಥವರಿಗೆ ಸೈಕಲ್ ಎಂದರೆ ಬಡತನ ಅಥವಾ ಡಾಕ್ಟರ ಸಲಹೆ, ಎರಡೇ. ನೀವು ಸೈಕಲ್ಲಲ್ಲಿ ಪೇಟೆಗೆ ಹೊರಟರೆ ಮೊದಲ ತಿರುವಿನಲ್ಲಿ “ಯಾಕ್ ಸಾರ್, ಗಾಡಿ ರಿಪೇರಿನಾ?”, ಎರಡನೆಯದರಲ್ಲಿ “ಶುಗರ್ ಎಷ್ಟಿದೆ ಸಾರ್?”. ಮೂರನೆಯ ತಿರುವಿಗೆ ನಿಮಗೇ ಅನುಮಾನ ಹುಟ್ಟಿ ರಕ್ತಪರೀಕ್ಷೆಗೆ ಹೋಗುತ್ತೀರಿ. ಅದೇ ಸೈಕಲ್ಲನ್ನು ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗಂಟಿದ ಚಡ್ಡಿ ಹಾಕಿಕೊಂಡು ತುಳಿಯಿರಿ, ಗೌರವ ಬರುತ್ತದೆ. ಆ ಸೈಕಲ್ಲಿನ ಬೆಲೆಗೆ ಸೆಕೆಂಡ್‌ಹ್ಯಾಂಡ್ ಕಾರು ಬರುತ್ತದಲ್ಲ, ಅದಕ್ಕೆ.

ಸರ್ಕಾರವೇ ವರ್ಷಗಟ್ಟಲೆ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಹಳ್ಳಿಯ ಹೆಣ್ಣುಮಕ್ಕಳು ಅದನ್ನು ತುಳಿದು ಹೈಸ್ಕೂಲು ಮುಗಿಸಿದರು. ಅದೇ ಮಕ್ಕಳು ಓದು ಮುಗಿಸಿ ಮೈಸೂರಿಗೆ ಕೆಲಸಕ್ಕೆ ಬಂದಾಗ ನಾವು ಕೇಳುವುದು, “ಇನ್ನೂ ಗಾಡಿ ತಗೊಂಡಿಲ್ವಾ?”

ನನ್ನ ಉಪದೇಶಕ್ಕೆ ನಾದಿನಿ ಕೊಟ್ಟ ಉತ್ತರ ಚಿಕ್ಕದು. “ಬಸ್ಸು ಫ್ರೀ, ಸೈಕಲ್‌ಗೆ ದುಡ್ಡು ಕೊಟ್ಟು ನಾನೇ ತುಳೀಬೇಕು. ನೀವು ಕಾಮರ್ಸ್ ಓದಿದೋರಾ ಭಾವ?” ಸ್ವಲ್ಪ ತಡೆದು ಅವಳೇ ಅಂದಳು: “ಮನೆಯಿಂದ ಚಾಮರಾಜಪುರಂ ಸ್ಟೇಷನ್‌ಗೆ ಸೈಕಲ್ಲು, ಅಲ್ಲಿಂದ ಕಡಕೊಳಕ್ಕೆ ರೈಲು, ಇಳಿದ ಕಡೆ ಗೇಟ್‌ವರೆಗೆ ಇನ್ನೊಂದು ಸೈಕಲ್ಲು. ಮೂರೂ ಒಂದೇ ಕಾರ್ಡಲ್ಲಿ ಆಗೋ ಹಾಗಿದ್ರೆ ಹೇಳಿ, ಬಸ್ಸಿಗೆ ನಮಸ್ಕಾರ ಹಾಕ್ತೀನಿ.” ನಗರ ಯೋಜನೆಯ ವರದಿಗಳಲ್ಲಿ ಇಷ್ಟನ್ನು ಹೇಳಲು ಇನ್ನೂರು ಪುಟ, ಬಣ್ಣದ ನಕ್ಷೆ ಬೇಕಾಗುತ್ತದೆ. ಕಷ್ಟ ಇರುವುದು ಇಷ್ಟೇ: ಹಳಿ ಕೇಂದ್ರದ್ದು, ಬಸ್ಸು ರಾಜ್ಯದ್ದು, ಸೈಕಲ್ಲು ನಗರಪಾಲಿಕೆಯದ್ದು. ಮೂವರನ್ನೂ ಒಂದು ಕಾರ್ಡಿನ ಮೇಲೆ ಕೂರಿಸುವುದು ಮದ್ದಿನ ಮನೆ ಜರುಗಿಸಿದ ಕಂಪನಿಗೂ ಭಾರವಾದೀತು. ಸ್ವಂತ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಹೋಗೋಣ ಎಂದರೆ ಅದಕ್ಕೂ ದಾರಿ ಇದೆ: ಲಗೇಜ್ ಆಫೀಸಿಗೆ ಹೋಗಿ, ತೂಕ ಹಾಕಿಸಿ, ರಸೀದಿ ಪಡೆದು, ಬ್ರೇಕ್‌ವ್ಯಾನಿಗೆ ಹತ್ತಿಸಬಹುದು. ಹತ್ತು ರೂಪಾಯಿಯ ಪ್ರಯಾಣಕ್ಕೆ ಅಷ್ಟು ಕಾಗದಪತ್ರ ಮಾಡುವ ಹೊತ್ತಿಗೆ ರೈಲು ಚಾಮರಾಜನಗರಕ್ಕೆ ಹೋಗಿ ಬಂದಿರುತ್ತದೆ.

ಮೈಸೂರಿನ ಸುತ್ತ ಲೋಕಲ್ ರೈಲು ಬಿಡಬೇಕೆಂಬ ಮಾತು ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಬಂದ ದಿನ ಬೆಂಚಿನ ಸಭೆಗೆ ಹಬ್ಬ. ಮೊನ್ನೆ ಹೀಗೇ ಬಂದಿತ್ತು. ಎಷ್ಟು ಗಾಡಿ, ಯಾವ ಹೊತ್ತಿಗೆ, ಒಂಟಿ ಹಳಿ ಜೋಡಿಯಾಗುವುದೆಂದು ಎಂಬ ಒಂದು ಪ್ರಶ್ನೆಯೂ ಏಳಲಿಲ್ಲ. ಸಭೆ ನೇರವಾಗಿ ನಾಮಕರಣಕ್ಕೆ ಇಳಿಯಿತು. ಹೆಸರಿನ ವಿಷಯದಲ್ಲಿ ನಾವು ತುಂಬ ಶ್ರದ್ಧಾವಂತರು. 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆದಾಗ ಪರವಾಗಿ ಅರ್ಧ ಊರು, ವಿರೋಧವಾಗಿ ಅರ್ಧ ಊರು ನಿಂತು ಜಗಳವಾಡಿತು; ಅದು ಹತ್ತು ನಿಮಿಷ ಬೇಗ ಬಂದರೆ ಚೆನ್ನ ಎನ್ನಲು ಒಬ್ಬರೂ ಉಳಿದಿರಲಿಲ್ಲ.

ಬೆಂಗಳೂರಿನ 148 ಕಿಲೋಮೀಟರ್ ಉಪನಗರ ರೈಲಿನ ನಾಲ್ಕು ಮಾರ್ಗಕ್ಕೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೆಸರಿಟ್ಟಿದ್ದಾರೆ. ರಾಯರಿಗೆ ಉರಿದದ್ದು ಇಲ್ಲೇ. “ಮಲ್ಲಿಗೆ ಯಾರದ್ರೀ? ಜಿಐ ಟ್ಯಾಗ್ ಇರೋದು ಮೈಸೂರು ಮಲ್ಲಿಗೆಗೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಹೋಗೋ ರೈಲಿಗೆ ನಮ್ಮ ಹೂವು ಯಾಕೆ?” ಸಭೆ ತಲೆದೂಗಿತು. ಹೂವು ಹೋಯಿತು, ಉಳಿದದ್ದನ್ನಾದರೂ ಕಾಯ್ದುಕೊಳ್ಳೋಣ ಅಂತ ಪಟ್ಟಿ ತಯಾರಾಯಿತು. ನಂಜನಗೂಡು ಕಡೆಯ ಮಾರ್ಗಕ್ಕೆ ರಸಬಾಳೆ, ಅದಕ್ಕೆ ತಕರಾರಿಲ್ಲ. ಶ್ರೀರಂಗಪಟ್ಟಣದ ಕಡೆಗೆ ವೀಳ್ಯದೆಲೆ ಎಂದಾಗ ಮಂಡ್ಯದಿಂದ ಬಂದು ನೆಲೆಸಿದವರೊಬ್ಬರು ಕಬ್ಬು ಎಂದು ಪಟ್ಟು ಹಿಡಿದರು. ಬೆಲ್ಲದ ಮಟ್ಟಕ್ಕೆ ರಾಜಿ ಆಗುವಂತಿತ್ತು. ಉಳಿದದ್ದು ಬೆಳಗೊಳದ ಕಡೆಯದು. ಯಾರಿಗೂ ಏನೂ ಹೊಳೆಯಲಿಲ್ಲ. ನಾನು ಈರನಗೆರೆ ಬದನೆಕಾಯಿ ಎಂದೆ.

ಬೆಂಚು ಮೌನವಾಯಿತು. ಸಾಫ್ಟ್‌ವೇರ್ ಹುಡುಗರು ಬದನೆಕಾಯಿ ಲೈನಲ್ಲಿ ಆಫೀಸಿಗೆ ಹೋಗುತ್ತಾರೆಯೇ, ಅಮೆರಿಕದ ಗಿರಾಕಿ ಕೇಳಿದರೆ ಏನಂದಾನು ಅಂತ ರಾಯರು ಕಳವಳಪಟ್ಟರು. ನಾನು ಬಿಡಲಿಲ್ಲ. ಮೈಸೂರಿನ ಮಣ್ಣಲ್ಲಿ ಬೆಳೆದದ್ದು, ಎಣ್ಣೆಗಾಯಿಗೆ ಇದರ ಸಮ ಇನ್ನೊಂದಿಲ್ಲ, ಮೇಲಾಗಿ ಬೆಂಗಳೂರಿನವರು ಕದಿಯುವ ಭಯವಿಲ್ಲ. ಮತಕ್ಕೆ ಹಾಕಿದರು. ನನ್ನ ಕಡೆ ಒಂದೇ ಕೈ ಎದ್ದಿತು, ಅದೂ ನನ್ನದೇ.

ಸಂಜೆ ಬಸ್ಸಿನಿಂದ ಇಳಿದು ಸೆರಗು ಸರಿಮಾಡಿಕೊಳ್ಳುತ್ತ ಬಂದ ನಾದಿನಿಗೆ ಈ ಕಲಾಪವೆಲ್ಲ ವರದಿ ಮಾಡಿದೆ. “ಸಂಜೆ ಆರೂವರೆಗೆ ಕಡಕೊಳದಿಂದ ಒಂದು ಗಾಡಿ ಬಿಡಿಸಿ ಭಾವ,” ಅಂದಳು, “ಅದಕ್ಕೆ ಹಾಗಲಕಾಯಿ ಅಂತ ಹೆಸರಿಟ್ರೂ ಹತ್ತೀನಿ.”